ಪರದೆಯ ಪಡಿಯಚ್ಚು



ಮಳೆಗಾಲದ ಒಂದು ಬೆಳಗ್ಗೆ ನೀವು ಬೋವಿಕಾನದ ಪೇಟೆಗೆ ಬಂದಿದ್ದೀರಿ ಎಂದಿಟ್ಟುಕೊಳ್ಳಿ. ಮಗಳ ಪ್ಲಸ್ ವನ್ ಅರ್ಜಿಯೋ, ಜಾಗದ ತೆರಿಗೆಯೋ, ಅಂತೂ ಅರ್ಜಿ ಹಾಕುವ ಕೇಂದ್ರದ ಬೆಂಚಿನ ಮೇಲೆ ಒಂದು ಗಂಟೆ ಕುಳಿತದ್ದಾಯಿತು. ಕಂಪ್ಯೂಟರಿನ ಮುಂದಿರುವ ಹುಡುಗಿ ನಿಮ್ಮ ಹೆಸರು, ಮನೆಹೆಸರು, ಸರ್ವೆ ನಂಬ್ರ ಎಲ್ಲವನ್ನೂ ಕೇಳಿ ಕೇಳಿ ಒತ್ತಿದ್ದಾಳೆ. ಹಣವೂ ಸಂದಾಯವಾಗಿದೆ. ಪರದೆಯ ಮೇಲೆ ಹಸುರು ಬಣ್ಣದ ಒಂದು ಸಾಲು, ಅದರ ಕೆಳಗೆ ಉದ್ದದ ಒಂದು ಸಂಖ್ಯೆ ಮೂಡಿದೆ. “ಆಯ್ತು ಅಣ್ಣಾ” ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಮತ್ತೆ ಕರೆಂಟು ಬಂದಾಗ ಆ ಸಾಲೂ ಇಲ್ಲ, ಆ ಸಂಖ್ಯೆಯೂ ಇಲ್ಲ. ನೀವಿಬ್ಬರೂ ಅದನ್ನು ಕಣ್ಣಾರೆ ಕಂಡದ್ದು ನಿಜ. ಆದರೆ ಕಂಡದ್ದಕ್ಕೆ ಸಾಕ್ಷಿ ಎಲ್ಲಿದೆ?

ಆ ಕ್ಷಣದಲ್ಲಿ ಅವಳ ಕೈ ಕೀಲಿಮಣೆಯ ಮೇಲಿನ ಸಾಲಿನ ಬಲಗಡೆಗೆ ಹೋಗಿ ಒಂದು ಕೀಲಿಯನ್ನು ಒತ್ತಿ, ಬಂದ ಚಿತ್ರವನ್ನು ಉಳಿಸಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ಆ ಕೀಲಿಗೆ ‘ಪ್ರಿಂಟ್ ಸ್ಕ್ರೀನ್’ ಎಂದು ಹೆಸರು. ಪರದೆಯ ಮೇಲೆ ಇರುವುದನ್ನು ಇರುವ ಹಾಗೆಯೇ ಚಿತ್ರವಾಗಿ ಹಿಡಿದಿಡುವ ಈ ಕೆಲಸಕ್ಕೆ ಜನ ‘ಸ್ಕ್ರೀನ್‌ಶಾಟ್’ ಎನ್ನುತ್ತಾರೆ. ಈಗ ಮೊಬೈಲು ಹಿಡಿದ ಮಕ್ಕಳಿಗೂ ಈ ಪದ ಗೊತ್ತು. ಆದರೆ ಈ ಅಭ್ಯಾಸ ಎಲ್ಲಿಂದ ಬಂತು, ಮೇಜಿನ ಮೇಲಿನ ಗಣಕಯಂತ್ರದಲ್ಲಿ ಅದು ಹೇಗೆ ಬೆಳೆಯಿತು, ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಅದರಿಂದ ಏನು ಬಂತು ಎಂಬುದನ್ನು ಇಂದು ಸ್ವಲ್ಪ ವಿಚಾರಿಸೋಣ.

ಈ ಕಥೆಯನ್ನು ಅಮೆರಿಕದಿಂದ ಆರಂಭಿಸುವುದು ವಾಡಿಕೆ. ನಾನು ಕಲ್ಲಿನಿಂದ ಆರಂಭಿಸುತ್ತೇನೆ. ಶಾಸನ ಓದುವವರ ಕೆಲಸವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅವರು ಮೊದಲು ಕಲ್ಲನ್ನು ತೊಳೆದು ಹಾವಸೆ ಉಜ್ಜಿ ತೆಗೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಮೆಲ್ಲನೆ ಬಡಿಯುತ್ತಾರೆ. ಕಾಗದ ಅಕ್ಷರದ ಗುಣಿಗಳೊಳಗೆ ಇಳಿಯುತ್ತದೆ. ಅರೆ ಒಣಗಿದಾಗ ಮಸಿಯ ಉಂಡೆಯಿಂದ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ನಿಲ್ಲುತ್ತವೆ. ಇದಕ್ಕೆ ವಿದ್ವಾಂಸರು ಇಟ್ಟ ಹೆಸರು ಪಡಿಯಚ್ಚು.

ಬಿ. ಎಲ್. ರೈಸ್ ಎಂಬ ಅಧಿಕಾರಿ 1886ರಿಂದ 1905ರವರೆಗೆ ಮೈಸೂರು, ಕೊಡಗುಗಳ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಪ್ರಕಟಿಸಿದರು. ನಮ್ಮ ಕಾಸರಗೋಡಿನ ತಳಂಗೆರೆಯಲ್ಲಿ ದೊರೆತ ಹಳೆಯ ಕನ್ನಡ ಶಾಸನವನ್ನೂ ಇಂಥ ಕೆಲಸದಿಂದಲೇ ಹೊರಗಿನವರು ಓದುವಂತಾಯಿತು. ಮಂಜೇಶ್ವರದ ಗೋವಿಂದ ಪೈಗಳು ಮನೆಯಲ್ಲಿ ಕುಳಿತು ನಾಡಿನ ಅರಸರ ಕಾಲನಿರ್ಣಯ ಮಾಡಲು ಸಾಧ್ಯವಾದದ್ದೂ ಶಾಸನಗಳು ಕಲ್ಲಿನಿಂದ ಕಾಗದಕ್ಕೆ, ಕಾಗದದಿಂದ ಗ್ರಂಥಕ್ಕೆ ಇಳಿದು ಬಂದದ್ದರಿಂದಲೇ. ಕೆಲವು ಕಡೆ ಕಲ್ಲು ಒಡೆದು ಮನೆಯ ಪಂಚಾಂಗಕ್ಕೆ ಸೇರಿದೆ, ಪಡಿಯಚ್ಚು ಮಾತ್ರ ಉಳಿದಿದೆ.

ತಾಳೆಗರಿಯ ದಾರಿ ಬೇರೆ. ನಮ್ಮದೇ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಮುಳ್ಳೇರಿಯ ಕಡೆಯ ಪುಂಡೂರಿನವರು ವೆಂಕಟರಾಜ ಪುಣಿಂಚತ್ತಾಯರು. ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿ ತೆಗೆದು ‘ಶ್ರೀ ಭಾಗವತೊ’, ‘ಕಾವೇರಿ’ ಮುಂತಾದ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ಗರಿಯ ಮೇಲಿನ ಬರಹ ತಲೆಮಾರಿನಿಂದ ತಲೆಮಾರಿಗೆ ದಾಟುವುದು ಕೈಯಿಂದ ನಕಲಾಗಿ. ನಕಲು ಮಾಡುವವನ ಕಣ್ಣು ಒಂದು ಸಾಲು ಜಾರಿದರೆ ಆ ಸಾಲು ಹೋಯಿತು. ಅವನಿಗೆ ಒಂದು ಶಬ್ದ ತಿಳಿಯದಿದ್ದರೆ ತನಗೆ ತೋಚಿದ್ದನ್ನು ಬರೆದ. ಹೀಗಾಗಿ ಗರಿಯನ್ನು ಸಂಪಾದಿಸುವವರು ಒಂದೊಂದು ಅಕ್ಷರಕ್ಕೂ ತೂಕ ಮಾಡಿ ನೋಡಬೇಕಾಗುತ್ತದೆ.

ಈ ಎರಡು ಮಾತುಗಳನ್ನು ನೆನಪಿಡಿ: ಒಂದು ನಕಲು, ಇನ್ನೊಂದು ಪಡಿಯಚ್ಚು. ನಕಲು ಎಂದರೆ ಓದಿ ಮತ್ತೆ ಬರೆದದ್ದು. ಪಡಿಯಚ್ಚು ಎಂದರೆ ಓದದೆಯೇ ಒತ್ತಿ ತೆಗೆದದ್ದು. ನಕಲಿನಲ್ಲಿ ಅರ್ಥ ಉಳಿಯುತ್ತದೆ, ರೂಪ ಹೋಗುತ್ತದೆ. ಪಡಿಯಚ್ಚಿನಲ್ಲಿ ಕಲ್ಲಿನ ಬಿರುಕು ಕೂಡ ಉಳಿಯುತ್ತದೆ. ಗಣಕಯಂತ್ರದ ಪರದೆಯ ಇತಿಹಾಸದಲ್ಲಿಯೂ ಈ ಎರಡು ದಾರಿಗಳು ಒಂದರ ಹಿಂದೆ ಒಂದು ಬಂದಿವೆ.

ಅದಕ್ಕೆ ಮೊದಲು ಬಂದದ್ದು ಫೋಟೋಸ್ಟಾಟ್. ಗಡಿಯ ಈಚೆ ನಾವು ಫೋಟೋಸ್ಟಾಟ್ ಎನ್ನುತ್ತೇವೆ, ಜಾಲ್ಸೂರು ದಾಟಿ ಸುಳ್ಯಕ್ಕೆ ಹೋದರೆ ಅದೇ ಯಂತ್ರಕ್ಕೆ ಜೆರಾಕ್ಸ್ ಎನ್ನುತ್ತಾರೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಈ ವಿದ್ಯೆಯ ಮೊದಲ ಪ್ರತಿಯನ್ನು ತೆಗೆದ. 1959ರಲ್ಲಿ ಆ ಹೆಸರಿನ ಕಂಪೆನಿಯ ಯಂತ್ರ ಕಚೇರಿಗಳಿಗೆ ಬಂತು. ಕಾಗದದಲ್ಲಿ ಇದ್ದದ್ದಕ್ಕೆ ಅದು ಪಡಿಯಚ್ಚು ತೆಗೆಯಿತು. ಪರದೆಯ ಮೇಲಿನದು ಕಾಗದವಲ್ಲ, ಬೆಳಕು. ಬೆಳಕನ್ನು ಹಿಡಿಯುವುದು ಹೇಗೆ?

ಮೊದಲ ಉತ್ತರ ಕ್ಯಾಮರಾ. ಗಾಜಿನ ಕೊಳವೆಯ ಮುಖದಲ್ಲಿ ಬೆಳಕಿನ ಚುಕ್ಕೆಗಳು ಕುಣಿಯುತ್ತಿದ್ದ ಆ ಕಾಲದಲ್ಲಿ ವಿಜ್ಞಾನಿಗಳು ಕೊಳವೆಯ ಎದುರು ಕ್ಯಾಮರಾ ಇಟ್ಟು ಚಿತ್ರ ತೆಗೆಯುತ್ತಿದ್ದರು. 1963ರಲ್ಲಿ ಐವನ್ ಸದರ್ಲೆಂಡ್ ಎಂಬವರು ಅಮೆರಿಕದ ಎಂ.ಐ.ಟಿ.ಯಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಮನ್ನು ರಚಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ರೇಖೆ ಎಳೆಯುವ ವಿದ್ಯೆ ಅದು. ಆ ಪರದೆ ಹೇಗೆ ಕಾಣುತ್ತಿತ್ತು ಎಂಬುದು ಇಂದು ನಮಗೆ ಗೊತ್ತಿರುವುದು ಅಂದು ತೆಗೆದ ಫೋಟೋ ಮತ್ತು ಫಿಲ್ಮುಗಳಿಂದ.

1980ರ ದಶಕದ ಆರಂಭದಲ್ಲಿ ಇದೇ ವಿದ್ಯೆ ಮಕ್ಕಳ ಕೈಗೂ ಹೋಯಿತು. ಆಕ್ಟಿವಿಷನ್ ಎಂಬ ಆಟದ ಕಂಪೆನಿ, ಟಿ.ವಿ.ಯಲ್ಲಿ ಆಡುವ ತನ್ನ ಆಟಗಳಲ್ಲಿ ನಿಗದಿತ ಅಂಕ ಗಳಿಸಿದವರಿಗೆ ಬಟ್ಟೆಯ ಬಿಲ್ಲೆಯೊಂದನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಅದಕ್ಕೆ ಬೇಕಾದ ಪುರಾವೆ ಒಂದೇ, ಅಂಕ ಕಾಣುವಂತೆ ಟಿ.ವಿ. ಪರದೆಯ ಫೋಟೋ. ಬಾಯಿಮಾತಿಗೆ ಬೆಲೆಯಿಲ್ಲ, ಪರದೆಯ ಚಿತ್ರಕ್ಕೆ ಬೆಲೆ ಉಂಟು. ಇಂದು ಅರ್ಜಿ ಹಾಕುವ ಕೇಂದ್ರದಲ್ಲಿ ನೀವು ಎದುರಿಸುವ ನಿಯಮವೇ ಇದು.

ಕೀಲಿಮಣೆಯ ಮೇಲೆ ಈ ಕೆಲಸಕ್ಕೆಂದೇ ಒಂದು ಕೀಲಿ ಸ್ಥಾನ ಪಡೆದು ಮನೆಮನೆಗೆ ಹೊರಟದ್ದು 1981ರಲ್ಲಿ. ಆ ವರ್ಷ ಐ.ಬಿ.ಎಂ. ಕಂಪೆನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಶಿಫ್ಟ್ ಕೀಲಿಯೊಂದಿಗೆ ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಒತ್ತಿದರೆ ಹೆಸರಿಗೆ ತಕ್ಕ ಹಾಗೆ ಪರದೆ ಅಚ್ಚಾಗುತ್ತಿತ್ತು. ಪಕ್ಕದಲ್ಲಿದ್ದ ಪ್ರಿಂಟರ್ ಕರಕರ ಸದ್ದು ಮಾಡುತ್ತ ಪರದೆಯ ಸಾಲುಗಳನ್ನು ಕಾಗದಕ್ಕೆ ಇಳಿಸುತ್ತಿತ್ತು. ಅಂದಿನ ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 2,000 ಅಕ್ಷರಗಳಿಗೆ ಜಾಗ. ಯಂತ್ರ ಆ ಅಕ್ಷರಗಳನ್ನು ಒಂದೊಂದಾಗಿ ಓದಿ ಪ್ರಿಂಟರಿಗೆ ಹೇಳುತ್ತಿತ್ತು, ಪ್ರಿಂಟರ್ ತನಗೆ ಗೊತ್ತಿದ್ದ ಅಚ್ಚಿನಲ್ಲಿ ಅದನ್ನು ಬರೆಯುತ್ತಿತ್ತು.

ಗಮನಿಸಿದಿರಾ? ಇದು ಪಡಿಯಚ್ಚಲ್ಲ, ನಕಲು. ತಾಳೆಗರಿಯ ಲಿಪಿಕಾರನ ಕೆಲಸ. ಆ ಲಿಪಿಕಾರನಿಗೆ ಇಂಗ್ಲಿಷು ಬಿಟ್ಟರೆ ಬೇರೆ ಭಾಷೆ ಅಷ್ಟಾಗಿ ಬಾರದು. ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿಡಿಸಿದ ಚಿತ್ರವನ್ನಾಗಲೀ, ಬೇರೆ ಲಿಪಿಯ ಆಕಾರವನ್ನಾಗಲೀ ಅದು ಹಾಗೆಯೇ ಇಳಿಸಲಾರದು. ಚಿತ್ರ ಅಚ್ಚಾಗಬೇಕಾದರೆ ಬೇರೊಂದು ಆಜ್ಞೆಯನ್ನು ಮೊದಲೇ ಕೊಟ್ಟಿರಬೇಕಿತ್ತು.

ನಿಜವಾದ ಪಡಿಯಚ್ಚು ಜನಬಳಕೆಗೆ ಬಂದದ್ದು ಪರದೆಯೇ ಚಿತ್ರವಾದಾಗ. 1984ರಲ್ಲಿ ಆಪಲ್ ಕಂಪೆನಿಯ ಮ್ಯಾಕಿಂಟಾಷ್ ಬಂತು. ಅದರಲ್ಲಿ ಅಕ್ಷರವೂ ಚಿತ್ರವೂ ಒಂದೇ ಹಾಸಿನ ಮೇಲಿನ ಚುಕ್ಕೆಗಳು. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ಪರದೆ ಒಂದು ಚಿತ್ರವಾಗಿ ಡಿಸ್ಕಿನಲ್ಲಿ ಉಳಿಯುತ್ತಿತ್ತು. ಮೈಕ್ರೋಸಾಫ್ಟಿನ ವಿಂಡೋಸ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಗೆ ಬೇರೊಂದು ಗುಣ ಬಂತು. ಒತ್ತಿದರೆ ಸದ್ದಿಲ್ಲ, ಕಾಗದವಿಲ್ಲ, ಏನೂ ಆದಂತೆ ಕಾಣುವುದೇ ಇಲ್ಲ. ಚಿತ್ರ ಯಂತ್ರದ ನೆನಪಿನ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ‘ಪೈಂಟ್’ ಎಂಬ ಪ್ರೋಗ್ರಾಮನ್ನು ತೆರೆದು ಅಂಟಿಸಿದಾಗ ಹೊರಗೆ ಬರುತ್ತದೆ. ಅಂಟಿಸಲು ಮರೆತು ಇನ್ನೊಂದು ಸಲ ಒತ್ತಿದಿರೋ, ಮೊದಲಿನದು ಅಳಿಸಿ ಹೋಯಿತು. 1990ರ ದಶಕದಲ್ಲಿ ಕಂಪ್ಯೂಟರ್ ಕಲಿತವರಲ್ಲಿ ಅನೇಕರು ಈ ಕೀಲಿ ಕೆಟ್ಟಿದೆ ಎಂದೇ ತಿಳಿದದ್ದುಂಟು.

ಇಲ್ಲಿ ನಡೆಯುವುದು ಏನೆಂದರೆ, ಪರದೆಗೆ ಕಳಿಸುವ ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಯಂತ್ರ ಮೊದಲು ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಕೀಲಿ ಒತ್ತಿದಾಗ ಆ ಪಟ್ಟಿಯನ್ನು ಪೂರ್ತಿ ಎತ್ತಿಕೊಳ್ಳುತ್ತದೆ. ಗಾಜಿನ ಮೇಲಿನ ಧೂಳು, ಕಿಟಕಿಯ ಬಿಸಿಲು, ನಿಮ್ಮ ಮುಖದ ನೆರಳು ಯಾವುದೂ ಅದರಲ್ಲಿ ಬರುವುದಿಲ್ಲ. ಮೊಬೈಲಿನಿಂದ ಪರದೆಯ ಫೋಟೋ ತೆಗೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. 1990ರ ದಶಕದ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480, ಅಂದರೆ 3,07,200 ಚುಕ್ಕೆಗಳಿದ್ದವು. ಇಂದಿನ ಸಾಧಾರಣ ಪರದೆಯಲ್ಲಿ 1920ಕ್ಕೆ 1080ರಂತೆ 20,73,600 ಚುಕ್ಕೆಗಳು. ಎರಡು ಸಾವಿರ ಅಕ್ಷರಗಳ ನಕಲಿನಿಂದ ಇಪ್ಪತ್ತು ಲಕ್ಷ ಚುಕ್ಕೆಗಳ ಪಡಿಯಚ್ಚಿಗೆ ನಾವು ಬಂದೆವು.

ಇದರಿಂದ ಕನ್ನಡಕ್ಕೆ ಏನಾಯಿತು? ಈ ಪ್ರಶ್ನೆಯೇ ನಮಗೆ ಮುಖ್ಯ.

1990ರ ದಶಕದಲ್ಲಿ ಮೊಳೆ ಜೋಡಿಸುವ ಮುದ್ರಣಾಲಯಗಳ ಪಕ್ಕದಲ್ಲಿ ಡಿ.ಟಿ.ಪಿ. ಅಂಗಡಿಗಳು ತಲೆಯೆತ್ತಿದವು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ ಎಲ್ಲ ಕಂಪ್ಯೂಟರಿನಲ್ಲಿ ಸಿದ್ಧವಾಗತೊಡಗಿದವು. ಆದರೆ ಆ ಕನ್ನಡ ಒಂದು ವೇಷ. ಯಂತ್ರದ ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಆ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಆಕಾರವನ್ನು ತೊಡಿಸಿದ್ದರು. ಫಾಂಟ್ ಎಂಬ ಆ ವೇಷದ ಪೆಟ್ಟಿಗೆ ಇರುವ ಯಂತ್ರದಲ್ಲಿ ಅದು ಕನ್ನಡ. ಅದೇ ಕಡತವನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಇನ್ನೊಂದು ಊರಿನ ಅಂಗಡಿಗೆ ಹೋದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ, ವೇಷ ಕಳಚಿ ಬೀಳುತ್ತಿತ್ತು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಅಡ್ಡಗೆರೆ. ಒಂದು ಸಂಸ್ಥೆಯ ಫಾಂಟಿನ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ.

ಆಗ ಜನ ಕಂಡುಕೊಂಡ ಉಪಾಯಗಳಲ್ಲಿ ಒಂದು ಈ ಪಡಿಯಚ್ಚು. ಕನ್ನಡವನ್ನು ಅಕ್ಷರವಾಗಿ ಕಳಿಸಿದರೆ ಕೆಡುತ್ತದೆ, ಚಿತ್ರವಾಗಿ ಕಳಿಸಿದರೆ ಕೆಡುವುದಿಲ್ಲ. ಪರದೆಯಲ್ಲಿ ಸರಿಯಾಗಿ ಕಂಡದ್ದನ್ನು ಪ್ರಿಂಟ್ ಸ್ಕ್ರೀನ್ ಒತ್ತಿ ಚಿತ್ರ ಮಾಡಿ ಮಿಂಚಂಚೆಯಲ್ಲಿ ಕಳಿಸಿದರೆ ಮುಂಬಯಿಯ ಮಗನೂ ಗಲ್ಫಿನ ತಮ್ಮನೂ ಓದಬಹುದಿತ್ತು. ಊರಿನ ಜಾತ್ರೆಯ ಆಮಂತ್ರಣ ಹೀಗೆ ಕಡಲು ದಾಟಿತು. ಅಲ್ಲಿನ ಯಂತ್ರಕ್ಕೆ ಕನ್ನಡ ಬಾರದಿದ್ದರೂ ಚಿಂತೆಯಿಲ್ಲ, ನೋಡುವ ಕಣ್ಣಿಗೆ ಬಂದರೆ ಸಾಕು.

ಚಿತ್ರವನ್ನು ಉಳಿಸುವ ಬಗೆಯಲ್ಲಿಯೂ ಆ ಕಾಲದಲ್ಲಿ ಒಂದು ಒಳ್ಳೆಯ ಸುಧಾರಣೆ ಆಯಿತು. ಜೆ.ಪಿ.ಜಿ. ಎಂಬ ಬಗೆ ಫೋಟೋಗಳಿಗೆಂದು ಮಾಡಿದ್ದು. ಗಾತ್ರ ಇಳಿಸಲು ಅದು ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಅಕ್ಷರದ ಅಂಚಿನಲ್ಲಿ ಮಸಿ ಹರಡಿದಂತೆ ಕಾಣುವುದು ಅದರಿಂದ. ಕನ್ನಡದ ಒತ್ತಕ್ಷರ, ದೀರ್ಘದ ಗುರುತು ಚಿಕ್ಕವು, ಮಸುಕಾದರೆ ಓದು ಕೆಡುತ್ತದೆ. 1996ರಲ್ಲಿ ಅಧಿಕೃತವಾಗಿ ಮಾನ್ಯವಾದ ಪಿ.ಎನ್.ಜಿ. ಎಂಬ ಬಗೆ ಒಂದು ಚುಕ್ಕೆಯನ್ನೂ ಕಳೆಯದೆ ಉಳಿಸುತ್ತದೆ. ಹಿಂದಿನ ಜಿ.ಐ.ಎಫ್. ಎಂಬ ಬಗೆಗೆ ಪೇಟೆಂಟಿನ ತಕರಾರು ಬಂದು, ಎಲ್ಲರಿಗೂ ಮುಕ್ತವಾದದ್ದು ಬೇಕೆಂದು ಹುಟ್ಟಿದ್ದು ಅದು. ಪರದೆಯ ಪಡಿಯಚ್ಚಿಗೆ ಇಂದಿಗೂ ಅದೇ ಸೂಕ್ತ.

ಆದರೆ ಪಡಿಯಚ್ಚಿಗೂ ಒಂದು ಕೊರತೆ ಉಂಟು. ಅದರಲ್ಲಿ ರೂಪ ಇದೆ, ಅಕ್ಷರ ಇಲ್ಲ. ಸಾವಿರ ಚಿತ್ರಗಳ ರಾಶಿಯಲ್ಲಿ ನಿಮ್ಮ ಅಜ್ಜನ ಹೆಸರನ್ನು ಹುಡುಕು ಎಂದರೆ ಯಂತ್ರ ಸುಮ್ಮನಿರುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಚಿತ್ರದ ಮುಂದೆ ಮೂಕ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಇಂದು ಕನ್ನಡಕ್ಕೂ ಬಂದಿದೆ. ಆದರೂ ಮಸುಕಾದ ಒತ್ತಕ್ಷರದಲ್ಲಿ ಅದು ಎಡವುತ್ತದೆ.

ಈ ಕೊರತೆಗೆ ಮದ್ದು ಬೇರೆ ಕಡೆಯಿಂದ ಬಂತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಬಂದು ಆ ಸಂಖ್ಯೆಗಳನ್ನು ಕನ್ನಡವಾಗಿ ತೋರಿಸಿತು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವು ಕನ್ನಡದಲ್ಲಿ ಒತ್ತುವುದನ್ನು ಸಾಮಾನ್ಯರಿಗೂ ಸುಲಭ ಮಾಡಿದವು. ಮುಂದೆ ಯೂನಿಕೋಡ್ ಬಳಕೆಗೆ ಬಂದಂತೆ ಕನ್ನಡ ವೇಷ ಬಿಟ್ಟು ನಿಜರೂಪದಲ್ಲಿ ಊರಿಂದೂರಿಗೆ ಹೋಗತೊಡಗಿತು. ಹಾಗಾದರೆ ಪಡಿಯಚ್ಚಿನ ಕೆಲಸ ಮುಗಿಯಿತೇ? ಇಲ್ಲ. ಅಕ್ಷರವನ್ನು ಸಾಗಿಸುವ ಕೆಲಸ ಹೋಗಿ ಸಾಕ್ಷಿ ಹೇಳುವ ಕೆಲಸ ಬಂತು.

ಸಪ್ತಭಾಷಾ ಸಂಗಮಭೂಮಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಈ ನಾಡಿನಲ್ಲಿ ಕಾಗದಪತ್ರದ ಬೆಲೆಯನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ದಿನ ಕೇರಳ ರಾಜ್ಯಕ್ಕೆ ಸೇರಿತು, 1984ರ ಮೇ 24ರಂದು ತಾನೇ ಒಂದು ಜಿಲ್ಲೆಯಾಯಿತು. ಅಜ್ಜನ ಕಾಲದ ಆಧಾರ ಕನ್ನಡದಲ್ಲಿ, ಮಗನ ಕಾಲದ ರಶೀದಿ ಮಲಯಾಳದಲ್ಲಿ, ಮೊಮ್ಮಗನ ಅರ್ಜಿ ಇಂಗ್ಲಿಷಿನಲ್ಲಿ. ಮುಳಿಯಾರು ಪಂಚಾಯತಿನ ನಮಗೆ ಇನ್ನೊಂದು ಕಹಿ ಅನುಭವವೂ ಉಂಟು. ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಬಾಧಿತವಾದ ಪಂಚಾಯತುಗಳ ಪಟ್ಟಿಯಲ್ಲಿ ನಮ್ಮದೂ ಇದೆ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆಜ್ಞಾಪಿಸಿತು. ಪಟ್ಟಿಯಲ್ಲಿ ಹೆಸರು ಇದೆಯೇ ಇಲ್ಲವೇ ಎಂಬ ಒಂದು ಸಾಲು ಒಂದು ಮನೆಗೆ ಎಷ್ಟು ಭಾರ ಎಂಬುದನ್ನು ನಿಮಗೆ ನಾನು ಹೇಳಬೇಕೇ?

ಇಂಥ ಸಾಲುಗಳು ಈಗ ಕಾಗದದಿಂದ ಪರದೆಗೆ ಏರಿವೆ. ಕರ್ನಾಟಕದಲ್ಲಿ 2000ದ ಹೊತ್ತಿಗೆ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಹೋದವು. ಗಡಿಯಾಚೆ ಜಾಗ ಇರುವವರಿಗೆ ಇದರ ಅನುಭವ ಇದೆ. ಕೇರಳದಲ್ಲಿ 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾದ ‘ಅಕ್ಷಯ’ ಕೇಂದ್ರಗಳು ಬಳಿಕ ನಮ್ಮಲ್ಲಿಗೂ ಬಂದವು. 2001ರ ‘ಐ.ಟಿ. ಅಟ್ ಸ್ಕೂಲ್’ ಯೋಜನೆ, 2017ರಲ್ಲಿ ‘ಕೈಟ್’ ಎಂದು ಹೆಸರು ಪಡೆದದ್ದು, ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ತಂದಿತು. ಕನ್ನಡ ಮಾಧ್ಯಮದ ಮಕ್ಕಳಿಗೂ ಆ ಪಾಠಪುಸ್ತಕ ಕನ್ನಡದಲ್ಲಿ ಸಿಗುತ್ತದೆ. ಅದನ್ನು ತೆರೆದು ನೋಡಿ, ಪುಟದಿಂದ ಪುಟಕ್ಕೆ ಪರದೆಯ ಚಿತ್ರಗಳೇ. ಕಂಪ್ಯೂಟರ್ ಕಲಿಸುವ ಪುಸ್ತಕವನ್ನು ಪಡಿಯಚ್ಚು ಇಲ್ಲದೆ ಬರೆಯುವುದೇ ಕಷ್ಟ.

ಭಾಷೆಯ ಹಕ್ಕಿನ ಮಾತೂ ಇಲ್ಲಿ ಬರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವುದಕ್ಕೆ ಅವಕಾಶ ಇದೆ. ಕಾಗದದ ಕಾಲದಲ್ಲಿ ಕನ್ನಡ ಫಾರಂ ಸಿಗಲಿಲ್ಲವೆಂದರೆ ಕೈಯಲ್ಲಿದ್ದ ಮಲಯಾಳ ಫಾರಮನ್ನೇ ತೋರಿಸಬಹುದಿತ್ತು. ಪರದೆಯ ಮೇಲೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣಿಸಿದರೆ, ಕನ್ನಡದಲ್ಲಿ ಒತ್ತಿದ ಹೆಸರನ್ನು ಯಂತ್ರ ಒಪ್ಪದಿದ್ದರೆ, ದೂರು ಕೊಡಲು ಏನನ್ನು ತೋರಿಸುವುದು? “ನಮ್ಮಲ್ಲಿ ಸರಿ ಕಾಣುತ್ತದಲ್ಲ” ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಂತಿತು. ಇಡೀ ಪರದೆಯ ಪಡಿಯಚ್ಚನ್ನು ಅರ್ಜಿಗೆ ಲಗತ್ತಿಸಿದರೆ ಆ ಮಾತು ಹೇಳುವುದು ಅಷ್ಟು ಸುಲಭವಲ್ಲ.

ಹಾಗೆಂದು ಪಡಿಯಚ್ಚು ವೇದವಾಕ್ಯವೂ ಅಲ್ಲ. ಕಲ್ಲಿನ ಶಾಸನವನ್ನೇ ಸುಳ್ಳಾಗಿ ಕೊರೆದವರಿದ್ದರು, ತಾಮ್ರಪಟದಲ್ಲಿ ಕೂಟಶಾಸನಗಳುಂಟು. ಪರದೆಯ ಚಿತ್ರವನ್ನು ತಿದ್ದುವುದು ಅದಕ್ಕಿಂತ ಸುಲಭ. ಹಣ ಕಳಿಸಿದ್ದೇನೆಂದು ಕೃತಕ ಚಿತ್ರ ತೋರಿಸಿ ವ್ಯಾಪಾರಿಗಳನ್ನು ಮೋಸ ಮಾಡುವವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ.

ಆದ್ದರಿಂದ ನ್ಯಾಯಾಲಯ ಇದನ್ನು ಸುಮ್ಮನೆ ಒಪ್ಪುವುದಿಲ್ಲ. ಈ ವಿಷಯದ ಒಂದು ಪ್ರಸಿದ್ಧ ತೀರ್ಪು ನಮ್ಮ ಕೇರಳದ ಮೊಕದ್ದಮೆಯಲ್ಲಿಯೇ ಬಂದದ್ದು. 2011ರ ವಿಧಾನಸಭಾ ಚುನಾವಣೆಯಲ್ಲಿ ಮಲಪ್ಪುರಂ ಜಿಲ್ಲೆಯ ಏರನಾಡ್ ಕ್ಷೇತ್ರದಲ್ಲಿ ಸೋತ ಪಿ. ವಿ. ಅನ್ವರ್, ಗೆದ್ದ ಪಿ. ಕೆ. ಬಶೀರ್ ಅವರ ವಿರುದ್ಧ ಪ್ರಚಾರದ ಹಾಡು, ಘೋಷಣೆಗಳ ಸಿ.ಡಿ.ಗಳನ್ನು ಹಾಜರುಪಡಿಸಿದರು. 2014ರ ಸೆಪ್ಟೆಂಬರ್ 18ರಂದು ಸುಪ್ರೀಂ ಕೋರ್ಟು, ಸಾಕ್ಷ್ಯ ಕಾನೂನಿನ 65-ಬಿ ವಿಧಿಯ ಪ್ರಮಾಣಪತ್ರ ಇಲ್ಲದೆ ಇಂಥ ಪ್ರತಿಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದು ಎಂದಿತು. 2024ರ ಜುಲೈ 1ರಿಂದ ಆ ಹಳೆಯ ಕಾನೂನಿನ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ವಿಧಿಯಲ್ಲಿಯೂ ಪ್ರಮಾಣಪತ್ರ ಬೇಕೆಂಬ ನಿಯಮ ಮುಂದುವರಿದಿದೆ. ಪ್ರತಿ ಎಲ್ಲಿಂದ ಬಂತು, ಯಾವ ಯಂತ್ರದಿಂದ, ಯಾರ ಕೈಯಿಂದ ಎಂಬುದಕ್ಕೆ ಜವಾಬ್ದಾರರು ಬೇಕು, ಇಷ್ಟೇ ಇದರ ಸಾರ. ಪಡಿಯಚ್ಚಿನ ಮೂಲೆಯಲ್ಲಿ ಊರು, ಕಲ್ಲಿನ ಸ್ಥಳ, ತೆಗೆದ ದಿನ ಬರೆದಿಡುವ ಶಾಸನತಜ್ಞರ ಶಿಸ್ತು ಇದೇ ಅಲ್ಲವೇ?

ಈಗ ನಿಮ್ಮ ಕೈಗೆ ಬರೋಣ. ವಿಂಡೋಸ್ ಇರುವ ಯಂತ್ರದಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಇಡೀ ಪರದೆ ನೆನಪಿಗೆ ಹೋಗುತ್ತದೆ. ಆಲ್ಟ್ ಕೀಲಿಯೊಂದಿಗೆ ಒತ್ತಿದರೆ ಎದುರಿಗೆ ತೆರೆದಿರುವ ಒಂದು ಕಿಟಕಿ ಮಾತ್ರ. ಎರಡನ್ನೂ ಪೈಂಟ್‌ನಲ್ಲಿ ಅಂಟಿಸಿ ಉಳಿಸಬೇಕು. 2012ರ ವಿಂಡೋಸ್ 8ರಿಂದ ಈಚೆಗೆ, ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ತಾನಾಗಿ ‘ಪಿಕ್ಚರ್ಸ್’ ಫೋಲ್ಡರಿನ ಒಳಗೆ ‘ಸ್ಕ್ರೀನ್‌ಶಾಟ್ಸ್’ ಎಂಬಲ್ಲಿ ಉಳಿಯುತ್ತದೆ. ಬೇಕಾದ ಭಾಗವನ್ನಷ್ಟೇ ಕತ್ತರಿಸಿ ತೆಗೆಯಲು ವಿಂಡೋಸ್, ಶಿಫ್ಟ್, ಎಸ್ ಎಂಬ ಮೂರು ಕೀಲಿಗಳ ಕ್ರಮ 2017ರಿಂದ ಬಳಕೆಯಲ್ಲಿದೆ. ಹೊಸ ಯಂತ್ರಗಳಲ್ಲಿ ಪ್ರಿಂಟ್ ಸ್ಕ್ರೀನ್ ಒಂದನ್ನೇ ಒತ್ತಿದರೂ ಈ ಕತ್ತರಿಯೇ ತೆರೆದುಕೊಳ್ಳುವುದುಂಟು. ಶಾಲೆಗಳಲ್ಲಿ ಮಕ್ಕಳು ಬಳಸುವ ಲಿನಕ್ಸ್ ಯಂತ್ರದಲ್ಲಿಯೂ ಇದೇ ಕೀಲಿ ಇದೇ ಕೆಲಸ ಮಾಡುತ್ತದೆ. ನಿಮಗೆ ಗೊತ್ತಿಲ್ಲದಿದ್ದರೆ ಎಂಟನೆಯ ತರಗತಿಯ ಮಗಳನ್ನು ಕೇಳಿ.

ಸಾಕ್ಷಿಗಾಗಿ ತೆಗೆಯುವುದಾದರೆ ಕತ್ತರಿಸಬೇಡಿ. ಮೇಲಿನ ಜಾಲವಿಳಾಸದ ಪಟ್ಟಿ, ಕೆಳಗಿನ ಮೂಲೆಯ ತಾರೀಕು ಮತ್ತು ಗಂಟೆ ಎರಡೂ ಕಾಣುವಂತೆ ಇಡೀ ಪರದೆಯನ್ನು ತೆಗೆಯಿರಿ. ಮೂಲಚಿತ್ರದ ಮೇಲೆ ಗೆರೆ ಎಳೆಯಬೇಡಿ, ಬೇಕಿದ್ದರೆ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಎಳೆಯಿರಿ. ಹೆಸರನ್ನೂ ದಿನವನ್ನೂ ಕಡತದ ಹೆಸರಾಗಿ ಕೊಡಿ. ಮುಖ್ಯವಾದದ್ದಾದರೆ ಕಾಗದದಲ್ಲಿಯೂ ಒಂದು ಪ್ರತಿ ತೆಗೆದು ಆಧಾರದ ಕಟ್ಟಿನೊಳಗೆ ಇಡಿ. ಅರ್ಜಿಯ ಸಂಖ್ಯೆಯನ್ನು ಕೈಯಿಂದ ಒಂದು ಚೀಟಿಯಲ್ಲಿ ಬರೆದುಕೊಳ್ಳುವ ಹಳೆಯ ರೂಢಿಯನ್ನೂ ಬಿಡಬೇಡಿ. ನಕಲೂ ಇರಲಿ, ಪಡಿಯಚ್ಚೂ ಇರಲಿ. ಒಂದು ಹೋದರೆ ಇನ್ನೊಂದು ಮಾತಾಡುತ್ತದೆ.

ಒಂದು ಎಚ್ಚರಿಕೆ. ಪರದೆಯಲ್ಲಿದ್ದದ್ದೆಲ್ಲ ಚಿತ್ರದಲ್ಲಿ ಬರುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಸಂಖ್ಯೆ, ಗುಪ್ತಸಂಖ್ಯೆ ಇರುವ ಪರದೆಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕೇಂದ್ರದ ಯಂತ್ರದಲ್ಲಿ ತೆಗೆದ ಚಿತ್ರವನ್ನು ನಿಮಗೆ ಕಳಿಸಿದ ಮೇಲೆ ಅಲ್ಲಿಂದ ಅಳಿಸಲು ಹೇಳಿ. 2024ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ, ನಾವು ಒತ್ತದೆಯೇ ಆಗಾಗ ಪರದೆಯ ಚಿತ್ರ ತೆಗೆದಿಡುವ ‘ರೀಕಾಲ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದಾಗ ಖಾಸಗಿತನದ ಪ್ರಶ್ನೆ ದೊಡ್ಡದಾಗಿ ಎದ್ದಿತು. ಅದನ್ನು ಬಿಡುಗಡೆ ಮಾಡುವುದನ್ನೇ ಕಂಪೆನಿ ಮುಂದೂಡಬೇಕಾಯಿತು. ನಾವು ಬೇಕೆಂದು ತೆಗೆದ ಪಡಿಯಚ್ಚು ನಮ್ಮ ಸಾಕ್ಷಿ. ಯಾರೋ ತೆಗೆದಿಟ್ಟದ್ದು ನಮ್ಮ ಮೇಲಿನ ಕಣ್ಣು.

ಮತ್ತೆ ಬೋವಿಕಾನದ ಆ ಬೆಂಚಿಗೆ ಹೋಗೋಣ. ಕರೆಂಟು ಬಂದಿದೆ, ಯಂತ್ರ ಮತ್ತೆ ತೆರೆದುಕೊಂಡಿದೆ. ಈ ಸಲ ಹುಡುಗಿ ಎಲ್ಲವನ್ನೂ ಒತ್ತಿ, ಹಸುರು ಸಾಲು ಮೂಡಿದೊಡನೆ ನೀವು ಹೇಳಬೇಕಾದ ಮಾತು ಒಂದೇ: “ತಂಗೀ, ಇದರದ್ದೊಂದು ಸ್ಕ್ರೀನ್‌ಶಾಟ್ ತೆಗೆದು ಕೊಡು.” ಕನ್ನಡದಲ್ಲಿ ಹೇಳಿ, ಮಲಯಾಳದಲ್ಲಿ ಹೇಳಿ, ತುಳುವಿನಲ್ಲಿ ಹೇಳಿ, ಅವಳಿಗೆ ತಿಳಿಯುತ್ತದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ ಬಡಿಯುವಷ್ಟು ಶ್ರಮ ಅದಕ್ಕಿಲ್ಲ. ಒಂದು ಬೆರಳು ಸಾಕು.